ಕಳೆದದ್ದಲ್ಲ

"ಇದಕ್ಕೆ ಮಾತ್ರ ಚೀಟಿ ಕಟ್ಬೇಡ ಪುಟ್ಟಾ," ಎಂದು ಕಪ್ಪು ಚೀಲವನ್ನು ಕಪಾಟಿನ ಕೆಳಗೆ ತಳ್ಳಿ ಅಣ್ಣ ಹೊರಟುಹೋಗಿದ್ದ. ಚೀಟಿ ಕಟ್ಟದೆ ಇರುವುದೆಂದರೆ ಚೀಟಿಯಕ್ಕನಿಗೆ ಉಸಿರುಗಟ್ಟಿದ ಹಾಗೆ. ಬಸ್ ನಿಲ್ದಾಣದಲ್ಲಿ ಜನ ಮರೆತುಹೋದ ವಸ್ತುಗಳನ್ನಿಡುವ ಆ ಕೋಣೆಯಲ್ಲಿ ಹದಿನಾರು ವರ್ಷದಿಂದ ಅವಳ ಕೆಲಸವೇ ಅದು: ಏನು, ಎಲ್ಲಿ ಸಿಕ್ಕಿತು, ಯಾರು ತಂದರು ಎಂದು ಬರೆದು ಕಟ್ಟುವುದು. ಹೆಸರು ಬಂದದ್ದೂ ಹಾಗೇ.

ಮಧ್ಯಾಹ್ನದ ಬಿಸಿಲು ಮೇಲಿನ ಕಿಟಕಿಯಿಂದ ಇಳಿದು ಕೊಡೆಗಳ ಮೇಲೆ ಮಲಗಿತ್ತು. ಕೊಡೆಗಳು ನಿದ್ದೆಯಲ್ಲಿ ತಮ್ಮ ಒಡೆಯರ ಕೈಬೆರಳನ್ನು ನೆನೆಸಿಕೊಳ್ಳುತ್ತವೆ ಎಂದು ಅವಳ ನಂಬಿಕೆ. ಹೇಳಹೊರಟರೆ ಮೇಲ್ವಿಚಾರಕರು, "ಶುರುವಾಯ್ತಪ್ಪಾ ಇವಳ ಪುರಾಣ!" ಎಂದು ಗಡಿಯಾರ ನೋಡುತ್ತಿದ್ದರು. ಮನೆಯಲ್ಲಿ ಚಿಕ್ಕಮ್ಮನಿಗಂತೂ ತಲೆ ಚಿಟ್ಟು ಹಿಡಿಯುತ್ತಿತ್ತು. ಪೂರ್ತಿ ಕೇಳಿದವನು ಅಣ್ಣನೊಬ್ಬನೇ. ಒಡಹುಟ್ಟಿದವನೇನಲ್ಲ, ಮೂರು ತಿಂಗಳ ಹಿಂದೆ ಕನ್ನಡಕ ಹುಡುಕಿಕೊಂಡು ಬಂದವನು. ಸ್ಟೂಲಿನ ಮೇಲೆ ಕೂತು, ಒಂದು ಸಲವೂ ಗಡಿಯಾರ ನೋಡದೆ, ನಾನೂರ ಹದಿಮೂರು ಕೊಡೆಗಳ ಕಥೆ ಕೇಳಿದ್ದ. ಅಯ್ಯೋ, ಅಷ್ಟು ಸಾಕಿತ್ತು ಅವಳಿಗೆ!

ಆಮೇಲಾಮೇಲೆ ಅವನೇ ಹೆಚ್ಚು ಮಾತಾಡತೊಡಗಿದ. "ನಿನ್ನ ನೋಡಿ ನಗೋ ಈ ಜನಾನೇ ನಮ್ಮನ್ನೂ ತುಳಿದದ್ದು. ಇವರಿಗೆಲ್ಲ ಒಂದು ಪಾಠ ಕಲಿಸ್ತೀವಿ ನೋಡ್ತಿರು. ನೀನೂ ನಮ್ಮವಳೇ." ನಮ್ಮವಳು! ಮನೆಗೆ ಹೋಗುವ ಬಸ್ಸಿನಲ್ಲಿ ಅವಳು ಆ ಮಾತನ್ನು ಬಾಯೊಳಗೇ ಹೇಳಿಕೊಂಡು ಖುಷಿಪಟ್ಟಿದ್ದಳು.

ಅಣ್ಣ ಸುಳ್ಳು ಹೇಳುವವನಲ್ಲ. ಪಾಠವೆಂದ ಮೇಲೆ ಚೀಲದಲ್ಲಿರುವುದು ಪುಸ್ತಕವೇ. ಆದರೂ ಚೀಟಿಯಿಲ್ಲದ ಚೀಲವನ್ನು ನೋಡುತ್ತ ನೋಡುತ್ತ ಅವಳ ಕೈ ಮತ್ತೆ ಮತ್ತೆ ಚೀಟಿಗಳ ಕಟ್ಟಿನತ್ತ ಹೋಯಿತು. ಕೊನೆಗೆ ತಡೆಯಲಾರದೆ ಬರೆದು ಕಟ್ಟಿಯೇಬಿಟ್ಟಳು: "ಪಾಠದ ಪುಸ್ತಕ. ಜನರಿಗೆ ಕಲಿಸಲು. ಅಣ್ಣ ಕೊಟ್ಟದ್ದು, ಕಳೆದದ್ದಲ್ಲ." ಕಳೆಯದ ವಸ್ತುವಿಗೆ ಆ ಕೋಣೆಯಲ್ಲಿ ಜಾಗವಿಲ್ಲವಲ್ಲ, ಏನು ಮಾಡಬೇಕೆಂದು ಕೇಳಲು ಮೇಲ್ವಿಚಾರಕರನ್ನು ಕರೆತಂದಳು.

ಅವರು ಓದಿದರು. ಇನ್ನೊಮ್ಮೆ ಓದಿದರು. ಬಗ್ಗಿ ಚೀಲವನ್ನು ನೋಡಿ ತಟ್ಟನೆ ಹಿಂದೆ ಸರಿದರು.

"ಅದನ್ನ ಮುಟ್ಬೇಡ. ನನ್ನ ಕೈ ಹಿಡ್ಕೊ. ನಡಿ."

ಗಳಿಗೆಯಲ್ಲಿ ನಿಲ್ದಾಣ ಖಾಲಿಯಾಯಿತು. ಚೀಲದಲ್ಲಿ ಪುಸ್ತಕ ಇರಲಿಲ್ಲ. ಪೊಲೀಸರು ಬಂದು ಬಾಂಬನ್ನು ನಿಷ್ಕ್ರಿಯಗೊಳಿಸಿದ ಮೇಲೆ ಒಬ್ಬ ಪೊಲೀಸ್ ಹೆಂಗಸು ಅವಳ ಪಕ್ಕ ಕೂತು, "ಪಾಠ ಕಲಿಸೋದು ಅಂದ್ರೆ ಅವನ ಲೆಕ್ಕದಲ್ಲಿ ಸಾಯಿಸೋದಮ್ಮಾ," ಎಂದು ಬಿಡಿಸಿ ಹೇಳಿದಳು. "ಐದೂವರೆಗೆ ಸಿಡೀತಿತ್ತು. ಆಗ ನೀನೆಲ್ಲಿರ್ತಿದ್ದೆ?"

"ಇಲ್ಲೇ. ಬೀಗ ಹಾಕೋದು ಆರಕ್ಕೆ. ಅಣ್ಣಂಗೂ ಗೊತ್ತು."



ವಾರದ ನಂತರ ಕೋಣೆ ತೆರೆದರು. ಅದೇ ಬಿಸಿಲು, ಅದೇ ಕೊಡೆಗಳು. ಮೇಲ್ವಿಚಾರಕರು ಒಳಗೆ ಬಂದು, "ಆ ಕೊಡೆಗಳದೇನೋ ಹೇಳ್ತಿದ್ದೆಯಲ್ಲ, ಹೇಳಮ್ಮಾ," ಎಂದು ಸ್ಟೂಲು ಎಳೆದುಕೊಂಡರು. ಅದರ ಕಾಲಿಗೊಂದು ಹೊಸ ಚೀಟಿ ನೇತಾಡುತ್ತಿತ್ತು: "ಅಣ್ಣ. ಇಲ್ಲೇ ಸಿಕ್ಕಿದ್ದು. ಕಳೆದದ್ದು."

ಅವರು ಸ್ಟೂಲನ್ನು ಇದ್ದ ಜಾಗಕ್ಕೇ ಸರಿಸಿ, ಯಾರೋ ಮರೆತ ಹಳೆಯ ಟ್ರಂಕಿನ ಮೇಲೆ ಕೂತು, ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡರು. ಚೀಟಿಯಕ್ಕ ಮೊದಲನೆಯ ಕೊಡೆಯನ್ನು ಕೈಗೆತ್ತಿಕೊಂಡಳು.