ಹಾರ್ನು ಮಾತ್ರ ನನ್ನದು

ನಮ್ಮ ಮನೆಯಲ್ಲಿ ಹುಟ್ಟಿದ ಕಾರು ಎಷ್ಟು ಹಗುರ ಅಂದರೆ, ಜೋರು ಗಾಳಿ ಬೀಸುವ ದಿನ ಅದನ್ನು ಮಂಚದ ಕಾಲಿಗೆ ಕಟ್ಟಿಹಾಕಬೇಕಾಗುತ್ತಿತ್ತು. ಒಮ್ಮೆ ಅದರ ಮೂತಿಯ ಮೇಲೆ ಕಾಗೆಯೊಂದು ಬಂದು ಕೂತದ್ದೇ ತಡ, ಹಿಂದಿನ ಚಕ್ರ ಎರಡೂ ನೆಲ ಬಿಟ್ಟು ಎದ್ದವು. ನಂಬದವರು ನನ್ನ ಅತ್ತೆಯನ್ನು ಕೇಳಬಹುದು. ಅವರು ಖಂಡಿತ ಇಲ್ಲ ಅನ್ನುತ್ತಾರೆ. ಆದರೆ ನಾನು ಹೇಳಿದ್ದಕ್ಕೆಲ್ಲ ಇಲ್ಲ ಅನ್ನುವುದು ಅವರಿಗೆ ಮೊದಲಿಂದಲೂ ಇರುವ ಕಾಯಿಲೆ.

ತಕ್ಕಡಿಯ ಪ್ರಕಾರ ಅದರ ತೂಕ ನಾನೂರ ಎಂಬತ್ತು ಕಿಲೋ. ತಕ್ಕಡಿಗೆ ಕಲ್ಪನಾಶಕ್ತಿ ಕಡಿಮೆ.

ನಾನು ಹಾಸಿಗೆ ಅಂಗಡಿಯಲ್ಲಿ ಮಾರಾಟದ ಕೆಲಸದವನು. ನಿಂತೇ ನಿದ್ದೆ ಮಾಡುವ ಕುದುರೆಗೂ ಎರಡು ಹಾಸಿಗೆ, ಒಂದು ದಿಂಬು ಮಾರಿದವನು. ನನ್ನ ಹೆಂಡತಿ ಹಲ್ಲಿನ ಸೆಟ್ ತಯಾರಿಸುವ ಲ್ಯಾಬಿನಲ್ಲಿದ್ದಾಳೆ. ಊರಿನ ಅರ್ಧ ಜನ ನಗುವುದು ಅವಳ ಕೈಚಳಕದಿಂದ. ಉಳಿದರ್ಧ ಜನ ನಗುವುದು ನನ್ನ ಮಾತಿನಿಂದ.

ಕಾರನ್ನು ಪತ್ತೆ ಹಚ್ಚಿದವನು ನಾನು, ಇದು ಮಾತ್ರ ಸತ್ಯ. ಐವತ್ತು ವರ್ಷ ಹಳೆಯ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಯಾರದೋ ಹಿತ್ತಲಲ್ಲಿ ಕೋಳಿಗಳ ವಶದಲ್ಲಿತ್ತು. ಡ್ರೈವರ್ ಸೀಟಿನಲ್ಲಿದ್ದ ಹುಂಜ ಸ್ಟೀರಿಂಗ್ ಬಿಟ್ಟುಕೊಡಲು ಒಪ್ಪದೆ ಮೂರು ದಿನ ಮಾತುಕತೆ ನಡೆಸಿತು. ಎಂಜಿನ್, ಗೇರ್‌ಬಾಕ್ಸ್, ಸ್ಟೀರಿಂಗ್ ಉಳಿದಿದ್ದವು. ಮಿಕ್ಕ ಮೈಯೆಲ್ಲ ತುಕ್ಕು. ಬೆರಳಿಟ್ಟರೆ ಬೆರಳು ಆಚೆ ಬರುತ್ತಿತ್ತು. ನನ್ನ ಹೆಂಡತಿ ಅದರ ಸುತ್ತ ಒಂದು ಸುತ್ತು ಹಾಕಿ, ಬಗ್ಗಿ, ಕೆಟ್ಟ ದವಡೆ ನೋಡಿದ ಹಾಗೆ ನೋಡಿ, "ಫ್ರೇಮು ಹೊಸದಾಗಿ ಕಟ್ಟೋಣ" ಅಂದಳು.

ಕಟ್ಟಿದಳು. ಮನೆಗೆ ಅಂಟಿಕೊಂಡಿದ್ದ ಶೆಡ್ಡಿನಿಂದ ಬಟ್ಟೆ ಒಗೆಯುವ ಮೆಷಿನ್ ಬಚ್ಚಲಿಗೆ ಹೋಯಿತು. ಹಳೆಯ ಕಬ್ಬಿಣದ ಮಂಚ ಅವಳ ಕೆಲಸದ ಮೇಜಾಯಿತು. ಲ್ಯಾಬಿನಲ್ಲಿ ಬೇಡವಾದ ಪ್ಲಾಸ್ಟರ್ ದವಡೆಗಳ ಅಚ್ಚುಗಳನ್ನು ಗೋಡೆಯ ಉದ್ದಕ್ಕೂ ಜೋಡಿಸಿ, ಒಂದೊಂದರಲ್ಲಿ ಒಂದೊಂದು ಅಳತೆಯ ನಟ್ಟು ತುಂಬಿಟ್ಟಳು. ಶೆಡ್ಡಿಗೆ ಕಾಲಿಟ್ಟರೆ ಮೂವತ್ತು ಜನ ಕಬ್ಬಿಣ ಜಗಿಯುತ್ತ ನಿಮ್ಮನ್ನೇ ನೋಡಿದಂತಾಗುತ್ತಿತ್ತು. ಒಂದಿಂಚಿನ ಚೌಕ ಪೈಪುಗಳನ್ನು ಕತ್ತರಿಸಿ, ಅರದಿಂದ ಉಜ್ಜಿ, ಬೆಸುಗೆ ಹಾಕಿ ಪಂಜರದಂಥ ಫ್ರೇಮು ಎಬ್ಬಿಸಿದಳು. ಅದಕ್ಕೆ ಅಲ್ಯೂಮಿನಿಯಂ ತಗಡಿನ ಚರ್ಮ ಹೊದಿಸಿದಳು. ಗ್ರಾಂ ಲೆಕ್ಕದಲ್ಲಿ ತೂಕ ಇಳಿಸುವ ಹುಚ್ಚು ಹತ್ತಿತು. ಪೆಡಲಿಗೆ ತೂತು, ಬ್ರೇಕಿನ ಹಿಡಿಗೆ ತೂತು, ಸೀಟಿನ ಬೆನ್ನಿಗೆ ತೂತು. ನಾನು ಊಟ ಮುಗಿಸಿ ಶೆಡ್ಡಿಗೆ ಹೋದರೆ, ಡ್ರಿಲ್ ಹಿಡಿದುಕೊಂಡೇ ನನ್ನ ಹೊಟ್ಟೆಯ ಕಡೆ ಒಂದು ನೋಟ ಬೀರುತ್ತಿದ್ದಳು.

ಬೀದಿಯವರಿಗೆ ನಾನು "ಕಾರು ಕಟ್ತಾ ಇದೀನಿ" ಅಂದೆ. "ನನ್ನ ಹೆಂಡತಿ ಕಟ್ತಾ ಇದಾಳೆ" ಅಂದರೆ ಒಂದು ಪದ ಜಾಸ್ತಿಯಾಗುತ್ತದೆ. ತೂಕ ಇಳಿಸುವ ಮನೆಯಲ್ಲಿ ಅದೂ ದಂಡ.

ಅತ್ತೆಗೆ ಇದು ಕೇಳಿಸಿತು. "ಅಳಿಯಂದಿರೇ, ನೀವು ಕಟ್ಟಿದ್ದು ಅಂದ್ರೆ ನಿಮ್ಮ ಲುಂಗಿ ಒಂದೇ. ಅದೂ ದಿನಕ್ಕೆ ನಾಲ್ಕು ಸಲ ಬಿಚ್ಚಿಹೋಗುತ್ತೆ" ಅಂದರು.

ಹೆಂಡತಿ ತಲೆ ಎತ್ತಲಿಲ್ಲ. "ಬಿಡಮ್ಮ, ಹೇಳ್ಕೊಳ್ಳಲಿ. ನನಗೆ ಗಾಡಿ ರೋಡಿಗೆ ಇಳಿದ್ರೆ ಸಾಕು."

ಹದಿನಾಲ್ಕು ತಿಂಗಳಾದ ಮೇಲೆ ಗಾಡಿ ರೋಡಿಗೆ ಇಳಿಯಲು ಒಂದೇ ಹೊಸಿಲು ದಾಟಬೇಕಿತ್ತು. ಮನೆಯಲ್ಲಿ ಕಟ್ಟಿದ ವಾಹನಕ್ಕೆ ತಪಾಸಣೆ. ಅರ್ಜಿ ಹಾಕಿದವರೇ ಅದನ್ನು ಕೈಯಾರೆ ಕಟ್ಟಿರಬೇಕು. ಯಾವುದೋ ವರ್ಕ್‌ಶಾಪಿನಲ್ಲಿ ಮಾಡಿಸಿ ತಂದದ್ದು ಅಂತ ಅನುಮಾನ ಬಂದರೆ ತಿರಸ್ಕಾರ. ಒಮ್ಮೆ ತಿರಸ್ಕಾರವಾದ ಫ್ರೇಮಿಗೆ ಮತ್ತೆ ಅರ್ಜಿ ಇಲ್ಲ. ಅರ್ಜಿ ತುಂಬಿದವನು ನಾನು. ನನ್ನ ಅಕ್ಷರ ಚೆನ್ನಾಗಿದೆ, ಹಾಗಾಗಿ ಹೆಸರೂ ನನ್ನದೇ ಬಿತ್ತು. ಕೆಲಸದ ಹಂತಹಂತದ ಫೋಟೋಗಳನ್ನೂ ಲಗತ್ತಿಸಬೇಕಿತ್ತು. ಅರವತ್ತೆರಡು ಫೋಟೋ ಇದ್ದವು. ಅರವತ್ತೆರಡರಲ್ಲೂ ನಾನೇ ಸ್ಪ್ಯಾನರ್ ಹಿಡಿದು ನಿಂತಿದ್ದೆ. ತೆಗೆದದ್ದು ಅವಳು.

ಲಾರಿಯ ಮೇಲೆ ಕಾರು ಹೇರಿಕೊಂಡು ನಾವಿಬ್ಬರೂ ಬೆಳಿಗ್ಗೆ ಹತ್ತಕ್ಕೆ ತಪಾಸಣೆಯ ಅಂಗಳ ತಲುಪಿದೆವು. ಇನ್ಸ್‌ಪೆಕ್ಟರ್ ಸಣಕಲು ಮನುಷ್ಯ. ಉದ್ದ ಕೋಲಿನ ತುದಿಗೆ ದುಂಡು ಕನ್ನಡಿ ಸಿಕ್ಕಿಸಿಕೊಂಡು ಕಾರಿನ ಹೊಟ್ಟೆಯಡಿ ತೂರಿಸುತ್ತ, ಹೂಂ ಹೂಂ ಅನ್ನುತ್ತ ಒಂದು ಸುತ್ತು ಬಂದ.

"ಸ್ಟೀರಿಂಗ್ ರಾಡಿಗೆ ನಡುವೆ ಎರಡು ಕೀಲು ಕೊಟ್ಟಿದೀರಿ. ಯಾಕೆ?"

"ಒಂದಕ್ಕೆ ಬೇಜಾರಾಗಬಾರದು ಅಂತ ಸಾರ್."

ಅವನು ನಗಲಿಲ್ಲ. "ತಳದ ತಗಡಿಗೆ ರಿವೆಟ್ ಎಷ್ಟು?"

"ಲಕ್ಷದ ಮೇಲಿರಬಹುದು."

ಅವನು ಫೈಲು ತಿರುವಿದ. "ಹದಿನಾಲ್ಕು ತಿಂಗಳ ಕೆಲಸ. ಎಲ್ಲಾ ಫೋಟೋದಲ್ಲೂ ಒಂದೇ ಬಿಳಿ ಶರ್ಟು. ಒಂದು ಕಲೆ ಇಲ್ಲ."

"ನಾನು ಶುಚಿಯಾಗಿ ಕೆಲಸ ಮಾಡ್ತೀನಿ ಸಾರ್."

ಹೆಂಡತಿ ಪಕ್ಕದಲ್ಲಿ ಕೈಚೀಲ ಹಿಡಿದು ನಿಂತಿದ್ದಳು. ಇನ್ಸ್‌ಪೆಕ್ಟರ್ ಬಾನೆಟ್ ಎತ್ತಿ ಒಳಗೆ ಟಾರ್ಚ್ ಬಿಟ್ಟ. ಬೆಸುಗೆಗಳ ಮೇಲೆ ಬೆರಳಾಡಿಸುತ್ತ ಹೋದವನ ಬೆರಳು ಒಂದು ಕಡೆ ತಟ್ಟನೆ ನಿಂತಿತು. ಹಾರ್ನನ್ನು ಹೊತ್ತಿದ್ದ ಪುಟ್ಟ ಬ್ರಾಕೆಟ್ಟು. ಅವಳು ಲ್ಯಾಬಿಗೆ ಹೋಗಿದ್ದ ಒಂದು ದಿನ ನಾನೇ ಬೆಸುಗೆ ಹಾಕಿದ್ದು. ಮೂಗು ಸೋರುವ ಕೂಸಿನ ಮುಖದ ಹಾಗೆ ಇತ್ತು. ಅವಳು ಅದನ್ನು ಕತ್ತರಿಸಿ ಎಸೆಯಬಹುದಿತ್ತು. "ಹಾರ್ನು ತಾನೇ, ಇರ್ಲಿ ಬಿಡಿ" ಅಂದಿದ್ದಳು.

"ಇದನ್ನ ಯಾರು ಮಾಡಿದ್ದು?"

ನನ್ನ ನಾಲಗೆಗೆ ನನ್ನನ್ನು ಕೇಳಿ ಆಡುವ ಅಭ್ಯಾಸವಿಲ್ಲ. "ಅದೊಂದು ನನ್ನ ಹೆಂಡತಿ ಮಾಡಿದ್ದು ಸಾರ್" ಅಂದಿತು. "ಪಾಪ, ಆಸೆಪಟ್ಟಳು. ಇರಲಿ ಅಂತ ಬಿಟ್ಟೆ."

ಹೆಂಡತಿ ನಿಧಾನಕ್ಕೆ ನನ್ನ ಕಡೆ ತಿರುಗಿದಳು. ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಇನ್ಸ್‌ಪೆಕ್ಟರ್ ಹಾರ್ನ್ ಒತ್ತಿದ. ಹಾರ್ನು ಒಮ್ಮೆ ಕಿರುಚಿ, ನಡುಗಿ, ಬ್ರಾಕೆಟ್ಟಿನ ಸಮೇತ ಕಳಚಿ ನೆಲಕ್ಕೆ ಬಿತ್ತು. ಆ ಸದ್ದಿಗೆ ಮೂರು ಬೀದಿಯಾಚೆ ನಾಯಿಗಳು ಎದ್ದು ನಿಂತವು.

ಅವನು ಫೈಲು ಮುಚ್ಚಿದ. "ಬೇರೆ ಬೆಸುಗೆಯೆಲ್ಲ ಪಳಗಿದ ಕೈ. ನಿಮಗೆ ಒಂದು ಪ್ರಶ್ನೆಗೂ ಉತ್ತರ ಗೊತ್ತಿಲ್ಲ. ಯಾವ ವರ್ಕ್‌ಶಾಪಿನಲ್ಲಿ ಮಾಡಿಸಿದ್ರೋ ಅಲ್ಲಿಗೇ ವಾಪಸ್ ತಗೊಂಡು ಹೋಗಿ. ತಿರಸ್ಕಾರ ಅಂತ ಬರೀತೀನಿ."

ಪೆನ್ನಿನ ಮುಚ್ಚಳ ತೆಗೆಯುವ ಶಬ್ದ ಕೇಳಿಸಿತು. ಹದಿನಾಲ್ಕು ತಿಂಗಳು ಲ್ಯಾಬಿನಿಂದ ಬಂದು, ಕನ್ನಡಕದ ಮೇಲೆ ಕನ್ನಡಕ ಹಾಕಿ, ಮಂಚದ ಕೆಳಗೆ ಮಲಗಿ ಅವಳು ಬೆಸೆದದ್ದೆಲ್ಲ ಇನ್ನು ಹಿತ್ತಲಲ್ಲಿ ಕೋಳಿಗೂಡು.

"ಸಾರ್, ನಾನು ಕಟ್ಟಿಲ್ಲ" ಅಂದೆ.

"ಅದು ನನಗೂ ಗೊತ್ತು."

"ವರ್ಕ್‌ಶಾಪೂ ಕಟ್ಟಿಲ್ಲ. ಎಲ್ಲಾ ಇವಳೇ ಕಟ್ಟಿದ್ದು."

ಅವನಿಗೆ ಈಗ ನಗು ಬಂತು. "ಐದು ನಿಮಿಷದ ಹಿಂದೆ ಆ ಹರಕು ಬ್ರಾಕೆಟ್ಟು ಇವರದ್ದು ಅಂದ್ರಿ. ಅದನ್ನ ಮಾಡಿದೋರೇ ಇದನ್ನೂ ಮಾಡಿದ್ರಾ?"

ಹುಟ್ಟಿದಾಗಿನಿಂದ ನಾನು ಹೇಳಿದ ಸುಳ್ಳುಗಳನ್ನು ಸಾಲಾಗಿ ನಿಲ್ಲಿಸಿದರೆ ಭೂಮಿಗೆ ಎರಡು ಸುತ್ತು ಬರುತ್ತವೆ. ಅಷ್ಟನ್ನೂ ಜನ ನಂಬಿದ್ದರು. ಹೇಳಿದ ಮೊದಲನೆಯ ನಿಜಕ್ಕೆ ಗಿರಾಕಿಯೇ ಇಲ್ಲ.

"ಹೇಳು ನೀನಾದ್ರೂ" ಅಂತ ಹೆಂಡತಿಯನ್ನು ಬೇಡಿಕೊಂಡೆ.

"ನಾನೇನು ಹೇಳ್ಲಿ? ನನ್ನ ಪಾಲಿಗೆ ಬಂದಿದ್ದು ಅದೊಂದೇ ಅಲ್ವಾ?" ಅಂದಳು. "ಇಡೀ ಗಾಡಿ ನಿಮ್ದು ಅಂದ್ರಿ, ಸುಮ್ಮನಿದ್ದೆ. ಆ ಕೊಳಕು ಬೆಸುಗೆ ನಂದು ಅಂದ್ರಲ್ಲ ರೀ."

ಪೆನ್ನು ಕಾಗದಕ್ಕೆ ಇಳಿಯುತ್ತಿತ್ತು. ನಾನು ಬಗ್ಗಿ ಹಾರ್ನನ್ನು ಎತ್ತಿಕೊಂಡೆ. "ಸಾರ್, ಇದು ನನ್ನ ಕೆಲಸ. ಇಡೀ ಕಾರಿನಲ್ಲಿ ಇದೊಂದೇ ನಾನು ಮಾಡಿದ್ದು. ಅದೂ ಬಿದ್ದುಹೋಯ್ತು. ಇವಳದ್ದು ಅಂತ ಸುಳ್ಳು ಹೇಳಿದೆ."

ಹೆಂಡತಿ ಆಮೇಲೆ ಕೈಚೀಲ ತೆರೆದಳು. ಹಲ್ಲು ನೋಡುವ ಪುಟ್ಟ ಕನ್ನಡಿ ಹೊರಗೆ ಬಂತು. "ಇಲ್ಲಿ ಬನ್ನಿ ಸಾರ್. ನಿಮ್ಮ ಕನ್ನಡಿ ಇಲ್ಲಿಗೆ ಹೋಗಲ್ಲ. ಟಾರ್ಚ್ ಸ್ವಲ್ಪ ಎಡಕ್ಕೆ ಹಿಡೀರಿ." ಹೊಗೆ ಕೊಳವೆಗೂ ಫ್ರೇಮಿನ ಪೈಪಿಗೂ ನಡುವಿನ ಸಂದಿಗೆ ಅದನ್ನು ಓರೆಯಾಗಿ ಇಳಿಸಿದಳು. "ಸ್ಟೀರಿಂಗ್ ರಾಡು ನೇರ ಹೋದ್ರೆ ಈ ಕೊಳವೆಗೆ ತಾಗುತ್ತೆ. ಒಂದೇ ಕೀಲು ಕೊಟ್ರೆ ತಿರುವಲ್ಲಿ ಬಿಗಿ ಹಿಡಿಯುತ್ತೆ. ಅದಕ್ಕೇ ಎರಡು. ಆ ಹಿಂದಿನ ಬೆಸುಗೆ ಕಾಣ್ತಾ? ಫ್ರೇಮನ್ನ ತಲೆಕೆಳಗೆ ಮಾಡಿ ಹಾಕಿದ್ದು."

ಇನ್ಸ್‌ಪೆಕ್ಟರ್ ಎರಡು ನಿಮಿಷ ಕಣ್ಣು ಕಿರಿದು ಮಾಡಿ ಅಲ್ಲೇ ಬಗ್ಗಿದ್ದ. "ರಿವೆಟ್?"

"ನಾನೂರ ಹನ್ನೆರಡು. ಆರು ಸೊಟ್ಟಗಾಗಿ ತೆಗೆದು ಮತ್ತೆ ಹಾಕಿದ್ದೀನಿ. ಎಲ್ಲಿ ಅಂತ ಬೇಕಾದ್ರೆ ತೋರಿಸ್ತೀನಿ."

ಅವನು ಪೆನ್ನಿಗೆ ಮುಚ್ಚಳ ಹಾಕಿದ. ಹಾರ್ನ್ ಸರಿಮಾಡಲು ಅರ್ಧ ಗಂಟೆ ಕೊಟ್ಟ. ಅವಳು ಎರಡು ಬೋಲ್ಟಿನಲ್ಲಿ ಹತ್ತೇ ನಿಮಿಷದಲ್ಲಿ ಬಿಗಿದು ನಿಂತಳು. ಅರ್ಜಿಯನ್ನು ಅವಳ ಹೆಸರಿಗೆ ತಿದ್ದಬೇಕಾದರೆ ನಾನು ಒಂದು ಹೇಳಿಕೆ ಬರೆದುಕೊಡಬೇಕಿತ್ತು: ಈ ವಾಹನದಲ್ಲಿ ನನ್ನ ಕೆಲಸ ಏನು, ಎಷ್ಟು. ಮೊದಲ ಸಲ ಮೂರು ಪುಟ ಬರೆದೆ. ಇನ್ಸ್‌ಪೆಕ್ಟರ್ ಓದದೆಯೇ ಹಿಂದಕ್ಕೆ ಕೊಟ್ಟ. ಎರಡನೆಯ ಸಲ ನಾಲ್ಕು ಸಾಲು. ಕಾರು ಹುಡುಕಿದೆ. ಟಾರ್ಚ್ ಹಿಡಿದೆ. ಹಾರ್ನಿನ ಬ್ರಾಕೆಟ್ಟು ಹಾಕಿದೆ, ಬಿತ್ತು. ದಿನವೂ ಟೀ ಮಾಡಿಕೊಟ್ಟೆ.

ಹೆಂಡತಿ ಓದಿ ನಾಲ್ಕನೆಯ ಸಾಲು ಹೊಡೆದುಹಾಕಿದಳು. "ಟೀ ಅಮ್ಮ ಮಾಡಿದ್ದು."

ಠಸ್ಸೆ ಬಿತ್ತು. ಅವಳು ಕಾರಿನೊಳಗೆ ಇಳಿದು ಕೂತು, ಕನ್ನಡಕ ಒರೆಸಿಕೊಂಡು, ಎಂಜಿನ್ ಎಬ್ಬಿಸಿದಳು. ಅಂಗಳದ ಕಿಟಕಿ ಗಾಜೆಲ್ಲ ಗುಂಯ್ ಅಂದವು. ನಾನು ಪಕ್ಕದ ಸೀಟಿಗೆ ಕಾಲಿಡಲು ಹೋದೆ.

"ನೀವು ಲಾರಿಯಲ್ಲಿ ಬನ್ನಿ" ಅಂದಳು. "ಇವತ್ತು ಹಗುರವಾಗಿ ಹೋಗ್ಬೇಕು ಅನ್ನಿಸ್ತಿದೆ."

ಖಾಲಿ ಲಾರಿಯ ಮುಂದಿನ ಸೀಟಿನಲ್ಲಿ, ಮಡಿಲಲ್ಲಿ ಮುರಿದ ಬ್ರಾಕೆಟ್ಟು ಇಟ್ಟುಕೊಂಡು ಹೊರಟೆ. ಮುಂದೆ ರಸ್ತೆಯಲ್ಲಿ ಅವಳ ಕಾರು ಚಿಕ್ಕದಾಗುತ್ತ ಹೋಗುತ್ತಿತ್ತು. ನನ್ನ ಬಾಯಿ ಸುಮ್ಮನಿರಲಿಲ್ಲ.

"ನೋಡಿದ್ರಾ ಡ್ರೈವರ್? ಅದು ನನ್ನ ಹೆಂಡತಿ ಕಟ್ಟಿದ ಕಾರು. ಒಂಬತ್ತೇ ದಿನ. ಒಂದು ಕೈಯಲ್ಲಿ. ಕಣ್ಣು ಕಟ್ಟಿಕೊಂಡು."

"ಬಿಡಿ ಸಾರ್. ನೀವೇ ಕಟ್ಟಿದ್ದು ಅಂದಿದ್ರೂ ನಂಬ್ತಿದ್ದೆ."

ಅಂಥ ಗಿರಾಕಿ ತಾನಾಗಿ ಬಂದು ಅಂಗಡಿ ಮೆಟ್ಟಿಲಲ್ಲಿ ನಿಂತಿದ್ದ. ನನ್ನ ನಾಲಗೆ ಎದ್ದೇಬಿಟ್ಟಿತ್ತು. ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದೆ.

"ಇಲ್ಲಪ್ಪ, ಅವಳೇ" ಅಂದೆ. "ಹದಿನಾಲ್ಕು ತಿಂಗಳು ಹಿಡೀತು."

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಗೇರ್ ಬದಲಿಸಿದ. ಮನೆ ಮುಂದೆ ಇಳಿಸುವಾಗ ಒಂದೇ ಮಾತು ಹೇಳಿದ. ಸುಳ್ಳು ಹೇಳುವವರನ್ನು ಕಂಡರೆ ಅವನಿಗೆ ಆಗುವುದಿಲ್ಲವಂತೆ.