ಸದ್ದು ತೆಗೆದ ಮದುವೆ

ಮಗಳನ್ನು ಒಪ್ಪಿಸಿಕೊಡುವ ಹೊತ್ತಿನಲ್ಲಿ ದೇವಪ್ಪ ಬೀಗರ ಮುಂದೆ ಏನೋ ಹೇಳಿದ. ಹೇಳಿ ಮುಗಿಸುವಷ್ಟರಲ್ಲಿ ಎದುರಿಗೆ ನಿಂತವರೆಲ್ಲರ ಕಣ್ಣು ಒಟ್ಟಿಗೆ ಅವನ ಹೆಂಡತಿ ವಸಂತಮ್ಮನ ಮೇಲೆ ಬಿತ್ತು. ಬೀಗಿತ್ತಿ ಅನ್ನಮ್ಮನ ಕಣ್ಣಲ್ಲಿ ನೀರಾಡಿತು. ಅವರ ಪಕ್ಕದ ಹೆಂಗಸೊಬ್ಬಳು ಲೊಚಗುಟ್ಟಿದ್ದೂ ಕಂಡಿತು. ಹೆಣ್ಣು ಕೊಟ್ಟವಳ ಸಂಕಟ ನೋಡಿ ಬರುವ ಕಣ್ಣೀರು ಬೇರೆ, ಬಾಗಿಲಿಗೆ ಬಂದ ಭಿಕ್ಷುಕಿಯನ್ನು ನೋಡಿ ಬರುವ ಕರುಣೆ ಬೇರೆ. ವಸಂತಮ್ಮನಿಗೆ ಈ ಎರಡನೆಯದರ ಪರಿಚಯ ಚೆನ್ನಾಗಿಯೇ ಇತ್ತು.

ಮಗಳು ಅಮೂಲ್ಯಾ ಇನ್ನೂ ಎದೆಹಾಲು ಕುಡಿಯುತ್ತಿದ್ದಾಗ ಬಂದ ಜ್ವರವೊಂದು ವಸಂತಮ್ಮನ ಎರಡೂ ಕಿವಿಯನ್ನು ಕಿತ್ತುಕೊಂಡು ಹೋಗಿತ್ತು. ಅಂದಿನಿಂದ ಅವಳು ತುಟಿ ನೋಡಿಯೇ ಮಾತು ತಿಳಿಯುವವಳು. ಮುಖ ಕಂಡರೆ ಸಾಕು, ಕಮ್ಮರಡಿಯ ಪೇಟೆಯಲ್ಲಿ ಯಾರು ಯಾರಿಗೆ ಬೈದರೆಂದು ರಸ್ತೆಯ ಈಚೆಯಿಂದಲೇ ಹೇಳಬಲ್ಲಳು. ಆದರೆ ಅಂದು ಕೊಪ್ಪದ ಮದುವೆ ಹಾಲಿನಲ್ಲಿ ಗಂಡನ ಪಕ್ಕ ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದಳು. ಕಂಡದ್ದು ಅವನ ಕೆನ್ನೆ ಮತ್ತು ಕಿವಿ ಮಾತ್ರ.

ಏನು ಹೇಳಿದಿರಿ ಎಂದು ಆಗಲೇ ಕೇಳಿದಳು. ಎಂತ ಇಲ್ಲ ಬಿಡು, ಎಲ್ಲರೂ ಹೇಳುವುದೇ ಎಂದ ದೇವಪ್ಪ. ಅತ್ತಿಗೆ ಯಲ್ಲಕ್ಕನನ್ನು ಕೇಳಿದರೆ, ಆಮೇಲೆ ಹೇಳ್ತೆ ಅಂದಳು. ಅವಳ ಆಮೇಲೆಗೆ ಇಪ್ಪತ್ತು ವರ್ಷದಿಂದ ಬೆಳಗಾಗಿಲ್ಲ. ಮಗಳಂತೂ ಕಾರು ಹತ್ತುವ ಗಡಿಬಿಡಿಯಲ್ಲಿ ಅಮ್ಮನ ಕೆನ್ನೆ ಒರೆಸಿ, ಏನಿಲ್ಲಮ್ಮ ಎಂದು ನರಸಿಂಹರಾಜಪುರದ ದಾರಿ ಹಿಡಿದಳು. ಅಲ್ಲ ಮಾರಾಯ, ತಾನೇ ಹೆತ್ತು, ತಾನೇ ಬೆಳೆಸಿ, ತಾನೇ ನಿಂತು ಒಪ್ಪಿಸಿಕೊಟ್ಟ ಮಗಳ ಬಗ್ಗೆ ಆಡಿದ ಮಾತು ಊರಿಗೆಲ್ಲ ಗೊತ್ತು, ಹೆತ್ತವಳಿಗೆ ಮಾತ್ರ ಗೊತ್ತಿಲ್ಲ. ಇದು ಯಾವ ಸೀಮೆಯ ನ್ಯಾಯ?

ಉಳಿದದ್ದು ಒಂದೇ ದಾರಿ. ಕೊಪ್ಪದ ಸ್ಟುಡಿಯೋದ ತ್ರ್ಯಂಬಕ ಆ ಹೊತ್ತಿನಲ್ಲಿ ಕ್ಯಾಮೆರಾ ಹಿಡಿದು ಬೀಗರ ಕಡೆ ನಿಂತಿದ್ದ. ದೇವಪ್ಪನ ಮುಖ ನೇರ ಅವನ ಕಡೆಗಿತ್ತು. ಮದುವೆಯ ವಿಡಿಯೋ ಡಿಸ್ಕ್ ಬರಲಿ, ಯಾರನ್ನೂ ಕೇಳುವುದೇ ಬೇಡ ಎಂದು ವಸಂತಮ್ಮ ಬಾಯಿ ಮುಚ್ಚಿಕೊಂಡು ಕಾದಳು.

ಮಳೆಗಾಲ ಅರ್ಧ ಕಳೆದ ಮೇಲೆ ಡಿಸ್ಕ್ ಬಂತು. ಹೊದಿಕೆಯ ಮೇಲೆ ಹೃದಯದ ಚಿತ್ರ, ಅದರೊಳಗೆ ಮದುಮಕ್ಕಳು. ಯಲ್ಲಕ್ಕನೂ ಅಕ್ಕಪಕ್ಕದವರೂ ಬಂದು ಕೂತರು. ವಾಲಗದ ಭಾಗ ಬಂದಾಗ ದೇವಪ್ಪ ತೊಡೆ ತಟ್ಟಿಕೊಂಡು ತಾಳ ಹಾಕಿದ, ಏನು ಸೌಂಡು, ಮದುವೆ ಹಾಲಿನಲ್ಲೇ ಕೂತ ಹಾಗಿದೆ ಎಂದ. ವಸಂತಮ್ಮ ಟಿವಿಯ ಬುಡದಲ್ಲಿ ಕೂತು ಒಪ್ಪಿಸುವ ಶಾಸ್ತ್ರಕ್ಕೆ ಕಾದಿದ್ದಳು.

ಬಂತು. ದೇವಪ್ಪನ ಮೀಸೆಯ ಕೆಳಗೆ ಬಾಯಿಯೇ ಇರಲಿಲ್ಲ. ಬಾಯಿ ಇರಬೇಕಾದ ಜಾಗದಲ್ಲಿ ಕಂದು ಬಣ್ಣದ ಚೌಕಗಳು, ಒಂದರ ಮೇಲೊಂದು ಏರಿ ಇಳಿಯುತ್ತಿದ್ದವು. ಅಮೂಲ್ಯಾಳ ಮುಖ ಹಿಟ್ಟು ಮೆತ್ತಿದ ಹಾಗೆ. ಹತ್ತಿರ ಹೋದಷ್ಟೂ ಚೌಕ ದೊಡ್ಡದಾಯಿತು. ಸಾಲದ್ದಕ್ಕೆ ತ್ರ್ಯಂಬಕ ಅಲ್ಲಿ ಯಾವುದೋ ಸಿನಿಮಾದ ಅಳುವ ಹಾಡು ಬೇರೆ ಹಾಕಿದ್ದನಂತೆ, ಮಾತು ಉಳಿದವರಿಗೂ ಕೇಳಿಸಲಿಲ್ಲ. ಹಾಡಿಗೆ ಎಲ್ಲರೂ ಕಣ್ಣೊರೆಸಿಕೊಂಡರು. ಮುಖವೇ ಕಾಣುವುದಿಲ್ಲವಲ್ಲ ಎಂದಳು ವಸಂತಮ್ಮ. ಯಲ್ಲಕ್ಕ ಅವಳ ಕಡೆ ತಿರುಗಿ, ಕಾಣದೆ ಎಂತ, ಯಾರು ಯಾರು ಅಂತ ಗುರುತು ಸಿಗ್ತದಲ್ಲ ಎಂದಳು. ಆಮೇಲೆ ಪಕ್ಕದವಳ ಕಡೆಗೆ ವಾಲಿ, ಕಿವುಡರ ಮುಂದೆ ಶಂಖ ಊದಿದ ಹಾಗೆ ಎಂದದ್ದೂ ವಸಂತಮ್ಮನಿಗೆ ಕಂಡಿತು. ಕಿವಿ ಇಲ್ಲದವಳಿಗೆ ಕಣ್ಣೂ ಇಲ್ಲವೆಂದು ಈ ಹೆಂಗಸಿಗೆ ಹೇಳಿದವರು ಯಾರು?

ಮರುದಿನ ಅವಳು ಒಬ್ಬಳೇ ಬಸ್ಸು ಹತ್ತಿ ಕೊಪ್ಪಕ್ಕೆ ಹೋದಳು.

ತ್ರ್ಯಂಬಕ ಕೆಟ್ಟವನಲ್ಲ. ಆದರೆ ಕಂಪ್ಯೂಟರ್ ನೋಡಿಕೊಂಡೇ ಮಾತಾಡುವ ಚಾಳಿ. ವಸಂತಮ್ಮ ಅವನ ಕುರ್ಚಿಯನ್ನೇ ಹಿಡಿದು ತನ್ನ ಕಡೆ ತಿರುಗಿಸಿದಳು. ನನಗೆ ನಿನ್ನ ಬೆನ್ನು ಮಾತಾಡುವುದು ತಿಳಿಯುವುದಿಲ್ಲ ಎಂದಳು. ಅವನು ಪೆಚ್ಚಾಗಿ ಮುಖ ಕೊಟ್ಟು ಮಾತಾಡಿದ. ತಪ್ಪು ತನ್ನದಲ್ಲವಂತೆ. ಮೂರು ಗಂಟೆಗೂ ಮಿಕ್ಕಿದ ಮದುವೆ, ಎರಡು ಡಿಸ್ಕಿನಲ್ಲಿ ಕೊಡುತ್ತೇನೆಂದು ಅವನೇ ಹೇಳಿದ್ದ. ದೇವಪ್ಪನೂ ಯಲ್ಲಕ್ಕನೂ ಮೈಮೇಲೆ ಬಿದ್ದರು. ಮದುವೆಯನ್ನು ಯಾರಾದರೂ ಎರಡು ತುಂಡು ಮಾಡುತ್ತಾರಾ, ಹುಡುಗಿಯ ಬಾಳು ಏನಾಗಬೇಕು ಎಂದರು. ಅದರ ಮೇಲೆ ವಾಲಗ ಗಡದ್ದಾಗಿ ಕೇಳಬೇಕು, ಶಬ್ದಕ್ಕೆ ಕೈ ಹಚ್ಚಬೇಡ ಎಂಬ ಕಟ್ಟಪ್ಪಣೆ. ಡಿಸ್ಕಿನಲ್ಲಿ ಇರುವ ಜಾಗ ಅಷ್ಟೇ, ಹಿಗ್ಗುವುದಿಲ್ಲ. ಚಿತ್ರವನ್ನು ಹಿಂಡದೆ ಬೇರೆ ಏನು ಮಾಡಲಿ ಎಂದ.

ಬೇಕಾದರೆ ಒಪ್ಪಿಸುವ ಭಾಗವನ್ನಷ್ಟೇ ಕತ್ತರಿಸಿ ಬೇರೆ ಡಿಸ್ಕಿಗೆ ಹಾಕಿಕೊಡುತ್ತೇನೆ, ಕನ್ನಡಿಯ ಹಾಗೆ ಬರುತ್ತದೆ ಎಂದೂ ಹೇಳಿದ. ವಸಂತಮ್ಮನಿಗೆ ಹೂಂ ಎನ್ನಬೇಕೆನಿಸಿತು. ಎನ್ನಲಾಗಲಿಲ್ಲ. ನಗಬೇಡಿ, ಎಷ್ಟೇ ಸಿಟ್ಟಿದ್ದರೂ ಅವಳೂ ಆ ಮನೆಯ ಸೊಸೆಯೇ, ಅವಳಿಗೂ ಒಬ್ಬಳೇ ಮಗಳು. ಮದುವೆ ತುಂಡಾಗುವುದು ಅವಳಿಗೂ ಬೇಡ. ಕತ್ತರಿಸಿದ್ದು ಬೇಡ, ಇಡೀ ಮದುವೆ ಒಂದರಲ್ಲೇ ಇರಬೇಕು, ಬಾಯಿಯೂ ಕಾಣಬೇಕು ಎಂದಳು. ತ್ರ್ಯಂಬಕ ಹಣೆ ಚಚ್ಚಿಕೊಂಡ.

ಬೇಕಾದರೆ ನೀವೇ ನೋಡಿ ಎಂದು ಡಿಸ್ಕಿಗೆ ಬರೆಯುವ ಮುನ್ನ ಜಾಗದ ಲೆಕ್ಕ ಕೂರಿಸುವ ಕಿಟಕಿಯನ್ನು ಕಂಪ್ಯೂಟರಿನಲ್ಲಿ ತೆರೆದು ತೋರಿಸಿದ. ಮೇಲಿನ ಸಾಲು ಚಿತ್ರದ್ದು, ಅದರ ಮುಂದೊಂದು ಅಂಕೆ. ಅಂಕೆ ಏರಿಸಿದರೆ ಬಾಯಿಗೆ ಬಾಯಿಯ ಆಕಾರ ಬರುತ್ತಿತ್ತು, ಕೆಳಗಿನ ಪಟ್ಟಿ ಕೆಂಪಾಗುತ್ತಿತ್ತು. ಕೆಂಪಾದರೆ ಡಿಸ್ಕ್ ತುಂಬಿ ಹೊರಗೆ ಚೆಲ್ಲಿತೆಂದು ಅರ್ಥ. ಇಳಿಸಿದರೆ ಪಟ್ಟಿ ಹಸಿರು, ಬಾಯಿ ಚೌಕ. ಏರಿಸಿ ಇಳಿಸಿ ಎರಡೂ ತೋರಿಸಿದ. ವಸಂತಮ್ಮ ನೋಡುತ್ತಲೇ ಇದ್ದಳು. ಅವಳ ಬೆರಳು ಕೆಳಗಿನ ಸಾಲಿಗೆ ಹೋಯಿತು. ಅಲ್ಲಿಯೂ ಒಂದು ಅಂಕೆ, ಚಿತ್ರದ ಅಂಕೆಗಿಂತ ಬಹಳ ಚಿಕ್ಕದೇನಲ್ಲ.

"ಇದೆಂತದು?"

ತ್ರ್ಯಂಬಕ ತನ್ನ ಕಿವಿ ಮುಟ್ಟಿ ತೋರಿಸಿದ.

ವಸಂತಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಅಂದರೆ ವಾಲಗದ ಗಡದ್ದಿಗೆ, ಯಾರದೋ ಅಳುವ ಹಾಡಿಗೆ ಜಾಗ ಬೇಕೆಂದು ತನ್ನ ಗಂಡನ ಬಾಯಿಯನ್ನು, ಮಗಳ ಮುಖವನ್ನು ಹಿಸುಕಿ ಕೂರಿಸಿದ್ದಾರೆ. ಎಲ್ಲರ ಕಿವಿಗೆ ಹಬ್ಬ ಮಾಡುವುದಕ್ಕೆ ಅವಳ ಕಣ್ಣಿನ ಪಾಲನ್ನು ತೆಗೆದುಕೊಂಡಿದ್ದಾರೆ, ಅದೂ ಅವಳ ಮನೆಯ ಮದುವೆಯಲ್ಲಿ, ಒಂದು ಮಾತು ಕೇಳದೆ.

"ತೆಗಿ ಅದನ್ನ," ಎಂದಳು.

ಸ್ವಲ್ಪ ಕಡಿಮೆ ಮಾಡಬಹುದು ಎಂದು ತ್ರ್ಯಂಬಕ ರಾಗ ಎಳೆದ. ಪೂರ್ತಿ ತೆಗೆದರೆ ಅದೆಂಥ ಮದುವೆ, ಸದ್ದಿಲ್ಲದ ಡಿಸ್ಕ್ ಇದುವರೆಗೆ ಯಾರೂ ಮಾಡಿಸಿಲ್ಲ ಎಂದ.

"ಪೂರ್ತಿ ತೆಗಿ. ನನ್ನ ಡಿಸ್ಕಲ್ಲಿ ಯಾರಿಗೆ ಅಂತ ವಾಲಗ ಊದಿಸ್ತಿ?"

ಅವನು ಶಬ್ದದ ಸಾಲನ್ನು ಅಳಿಸಿದ. ಬಿಟ್ಟ ಜಾಗವನ್ನೆಲ್ಲ ಚಿತ್ರಕ್ಕೆ ಕೊಟ್ಟ; ಪಟ್ಟಿ ಹಸಿರಾಗಿಯೇ ಉಳಿಯಿತು. ಕೆಲಸದ ಹುರುಪು ಅವನಿಗೂ ಹತ್ತಿರಬೇಕು. ಎರಡು ಸುತ್ತು ಓಡಿಸುತ್ತೇನೆ, ಮೊದಲ ಸುತ್ತಿನಲ್ಲಿ ಎಲ್ಲೆಲ್ಲಿ ಜಾಗ ಹೆಚ್ಚು ಬೇಕೆಂದು ಕಂಪ್ಯೂಟರ್ ನೋಡಿಕೊಳ್ಳುತ್ತದೆ, ಎರಡನೆಯದರಲ್ಲಿ ಹಂಚುತ್ತದೆ, ಗೋಡೆಗೆ ಕಡಿಮೆ, ಮುಖಕ್ಕೆ ಹೆಚ್ಚು ಎಂದು ಅವಳಿಗೆ ಕಾಣುವ ಹಾಗೆ ನಿಧಾನಕ್ಕೆ ಹೇಳಿದ. ಕರೆಂಟು ಕೈಕೊಡದಿದ್ದರೆ ನಾಳೆ ಮಧ್ಯಾಹ್ನಕ್ಕೆ ಬನ್ನಿ ಎಂದ.

ಮರುದಿನ ಸ್ಟುಡಿಯೋದ ಟಿವಿಯಲ್ಲೇ ಹಾಕಿ ನೋಡಿದರು. ಅಮೂಲ್ಯಾಳ ಮುಡಿಯ ಕನಕಾಂಬರದ ಎಸಳು ಎಣಿಸಬಹುದಿತ್ತು. ದೇವಪ್ಪನ ಮೇಲ್ದುಟಿಯ ಬೆವರು ಕೂಡ ಕಂಡಿತು. ಅವನು ಬೀಗರಿಗೆ ಕೈಮುಗಿದು ಬಾಯಿ ತೆರೆದ. ಇಪ್ಪತ್ತು ವರ್ಷಕ್ಕೂ ಮೀರಿ ಓದಿದ ಬಾಯಿ ಅದು.

"ನಮ್ಮ ಹುಡುಗಿ ತಾಯಿ ಇದ್ದೂ ಇಲ್ಲದ ಹಾಗೆ ಬೆಳೆದದ್ದು. ಅವಳಮ್ಮನಿಗೆ ಕಿವಿ ಇಲ್ಲ. ನಾಲ್ಕು ಒಳ್ಳೆ ಮಾತು ಹೇಳಿ ಕಲಿಸುವವರು ಇರಲಿಲ್ಲ. ತಪ್ಪು ಕಂಡ್ರೆ ಹೊಟ್ಟೆಗೆ ಹಾಕ್ಕೊಳ್ಳಿ."

ಪಕ್ಕದಲ್ಲಿ ವಸಂತಮ್ಮನೇ ನಿಂತಿದ್ದಾಳೆ, ಹಸಿರು ಸೀರೆ ಉಟ್ಟುಕೊಂಡು, ಏನೂ ತಿಳಿಯದೆ, ಹೌದು ಎನ್ನುವ ಹಾಗೆ ತಲೆ ಬೇರೆ ಆಡಿಸುತ್ತಿದ್ದಾಳೆ. ವಸಂತಮ್ಮ ಅದನ್ನು ಮತ್ತೊಮ್ಮೆ ಹಾಕಿಸಿ ನೋಡಿದಳು. ಮಗಳು ತಲೆ ತಗ್ಗಿಸಿದ್ದಳು, ಅವಳ ತುಟಿ ಅಲ್ಲಾಡಲಿಲ್ಲ. ತ್ರ್ಯಂಬಕ, ಸರಿಯಾಯ್ತಾ ಅಮ್ಮ ಎಂದು ಕೇಳಿದ. ಚೆನ್ನಾಗಿ ಮಾಡಿದ್ದೀ ಎಂದು ಡಿಸ್ಕನ್ನು ಸೆರಗಿನೊಳಗೆ ಇಟ್ಟುಕೊಂಡು ಹೊರಟಳು.

ಮನೆಯಲ್ಲಿ ತುಟಿ ಪಿಟಕ್ಕೆನ್ನಲಿಲ್ಲ. ಗಂಡನೊಬ್ಬನ ಹತ್ತಿರ ಜಗಳ ಮಾಡಿ ಏನು ಬಂತು? ಅವನು ಹೇಳಿದ್ದು ನಾಲ್ಕು ಜನರ ಮುಂದೆ. ಆ ನಾಲ್ಕು ಜನ ಬರಲಿ ಎಂದು ಕಾದಳು.

ಹೊಸ ಅಳಿಯನ ಮೊದಲ ದೀಪಾವಳಿಗೆ ಬೀಗರು ಬಂದರು. ಅಳಿಯ ನಿತೀಶ್, ಅವನ ತಾಯಿ ಅನ್ನಮ್ಮ, ಜೊತೆಗೆ ಅಮೂಲ್ಯಾ. ಊಟವಾಗಿ ಎಲೆಯಡಿಕೆ ಹಾಕುತ್ತ ಕೂತಾಗ ಯಲ್ಲಕ್ಕ ಮದುವೆ ಹಾಕಿ ನೋಡುವ ಎಂದಳು. ವಸಂತಮ್ಮ ತನ್ನ ಡಿಸ್ಕ್ ಹಾಕಿದಳು. ಸದ್ದು ಬರಲಿಲ್ಲ. ದೇವಪ್ಪ ರಿಮೋಟ್ ಒತ್ತಿದ. ನಿತೀಶ್ ಎದ್ದು ಹಿಂದಿನ ವೈರು ಅಲ್ಲಾಡಿಸಿದ. ವೈರು ಸರಿ ಇದೆ, ಸದ್ದು ನಾನೇ ತೆಗೆಸಿದ್ದು ಎಂದಳು ವಸಂತಮ್ಮ. ಎಲ್ಲರೂ ಮುಖ ಮುಖ ನೋಡಿಕೊಂಡರು. ಆದರೂ ಚಿತ್ರ ಎಷ್ಟು ಚಂದ ಬಂದಿತ್ತೆಂದರೆ ಏಳುವ ಮನಸ್ಸು ಯಾರಿಗೂ ಆಗಲಿಲ್ಲ.

ಒಪ್ಪಿಸುವ ಶಾಸ್ತ್ರ ಬಂದಾಗ ಅವಳು ಟಿವಿಯ ಪಕ್ಕ ಹೋಗಿ ಬೀಗರಿಗೆ ಎದುರಾಗಿ ನಿಂತಳು. ದೇವಪ್ಪನ ಬಾಯಿ ತೆರೆದ ಹಾಗೆ ಅವಳೂ ಬಾಯಿ ತೆರೆದು, ಅವನು ಅಂದು ಆಡಿದ್ದನ್ನು ಒಂದಕ್ಷರ ಬಿಡದೆ ಗಟ್ಟಿಯಾಗಿ ಹೇಳಿದಳು. ತನ್ನ ದನಿಯ ಅಳತೆ ಅವಳಿಗೆ ಗೊತ್ತಿಲ್ಲ. ಅಂಗಳದಾಚೆಗೂ ಕೇಳಿರಬೇಕು. ತಾಯಿ ಇದ್ದೂ ಇಲ್ಲದ ಹಾಗೆ ಎಂಬಲ್ಲಿ ಅಮೂಲ್ಯಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಯಲ್ಲಕ್ಕ ಅಡಿಗೆಮನೆ ಕಡೆ ಹೊರಟಳು. ವಸಂತಮ್ಮ, ಕೂತ್ಕೊಳ್ಳಿ ಅತ್ತಿಗೆ ಎಂದದ್ದಕ್ಕೆ ಕೂತಳು.

"ಇವಳಿಗೆ ನಡೆ ಕಲಿಸಿದ್ದು ನಾನು," ಎಂದಳು ವಸಂತಮ್ಮ. "ನುಡಿ ಕಲಿಸಿದ್ದೂ ನಾನೇ. ಎರಡು ವರ್ಷದ ಮಗು ನನ್ನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡು ಅಮ್ಮ, ಹಸಿವು ಅನ್ನುತ್ತಿತ್ತು. ಇವಳಲ್ಲಿ ತಪ್ಪು ಕಂಡ್ರೆ ಹೊಟ್ಟೆಗೆ ಹಾಕ್ಕೊಳ್ಳುದು ಬೇಡ. ನನ್ನ ಹತ್ರ ಹೇಳಿ."

ಅನ್ನಮ್ಮ ತಮ್ಮ ತುಟಿ ಅವಳಿಗೆ ಕಾಣಲೆಂದು ಕಿಟಕಿಯ ಬೆಳಕಿಗೆ ಮುಖ ಕೊಟ್ಟರು. ನಿಮ್ಮ ಮಗಳು ನಮ್ಮ ಮನೆಯಲ್ಲಿ ಯಾರ ಹತ್ತಿರ ಮಾತಾಡುವುದಿದ್ದರೂ ಎದುರು ಬಂದು ಮುಖ ನೋಡಿ ಮಾತಾಡುತ್ತಾಳೆ, ಹಿಂದಿನಿಂದ ಒಂದು ಮಾತಿಲ್ಲ, ಅದು ಎಲ್ಲಿಂದ ಬಂದದ್ದೆಂದು ನನಗೆ ಇವತ್ತು ತಿಳಿಯಿತು ಎಂದರು. ವಸಂತಮ್ಮನಿಗೆ ಪ್ರತಿಯೊಂದು ಮಾತೂ ಕಂಡಿತು.

ಆಮೇಲೆ ಅವಳು ಗಂಡನ ಕಡೆ ನೋಡಿದಳು. ದೇವಪ್ಪ ಕೂತಲ್ಲೇ ಬೆವರಿದ್ದ. ತಲೆ ಎತ್ತಿ ಅವಳನ್ನು ನೋಡಿ ತುಟಿ ಅಲ್ಲಾಡಿಸಿದ. ತಪ್ಪಾಯ್ತು ವಸಂತ, ಹಾಗೆ ಹೇಳಬಾರದಿತ್ತು ಎಂದ. ಅವಳಿಗೆ ಸ್ಪಷ್ಟವಾಗಿ ಕಂಡಿತು. ಆದರೆ ಅವನ ಗಂಟಲು ಅಲುಗಿದ್ದು ಕಾಣಲಿಲ್ಲ. ಸುತ್ತ ಕೂತವರೆಲ್ಲ ಅವನು ಏನೆಂದನೆಂದು ಕತ್ತು ಮುಂದೆ ಚಾಚಿದ್ದರು. ಅಳಿಯ, ಏನು ಮಾವ ಎಂದು ಕೇಳುತ್ತಿದ್ದ.

"ನನಗೆ ಕಂಡ್ತು," ಎಂದಳು ವಸಂತಮ್ಮ. "ಇವರಿಗೆ ಕೇಳಲಿಲ್ಲ. ಅವತ್ತು ಎಲ್ಲರಿಗೂ ಕೇಳುವ ಹಾಗೆ ಹೇಳಿದ್ರಲ್ಲ, ಇದನ್ನೂ ದನಿ ತೆಗೆದು ಹೇಳಿ."

ದೇವಪ್ಪ ಎದ್ದು, ಬೀಗರಿಗೂ ಅವಳಿಗೂ ಮುಖ ಕಾಣುವ ಹಾಗೆ ನಿಂತು ಗಂಟಲು ಸರಿಮಾಡಿಕೊಂಡ.