ತುಟಿಮಾತು

ಹಾಜಿರಾಬಿಗೆ ಪಿಸುಮಾತು ಬರುತ್ತಿರಲಿಲ್ಲ. ಲಗ್ನವಾಗಿ ಬೋರಗಾಂವಕ್ಕೆ ಬಂದಾಗಿನಿಂದ ಪಾವರಲೂಮ್ ಶೆಡ್ಡಿನಲ್ಲಿ ಕಾಂಡಿಗೆ ನೂಲು ಸುತ್ತುವವಳು ಆಕೆ. ಅಷ್ಟೂ ಮಗ್ಗಗಳು ಒಮ್ಮೆಲೇ ಖಟಾಖಟ್ ಬಡಿಯುವ ಆ ಜಾಗದಲ್ಲಿ ಎರಡೇ ನಮೂನೆಯ ಮಾತು. ಒಂದು ಒದರುವುದು. ಇನ್ನೊಂದು ಸಪ್ಪಳವೇ ಇಲ್ಲದೆ ಬರೇ ತುಟಿ ಆಡಿಸುವುದು. ಆ ಮೂಲೆಯ ನೇಕಾರ ಈ ಮೂಲೆಯವನ ತುಟಿ ನೋಡಿಯೇ ಚಾ ಬಂದದ್ದನ್ನೂ ಮಾಲಕ ಬಂದದ್ದನ್ನೂ ತಿಳಿದುಬಿಡುತ್ತಾನೆ. ಶೆಡ್ಡಿನ ಹೊರಗೆ ತುಟಿಮಾತು ಯಾರಿಗೂ ತಿಳಿಯದು. ಹೀಗಾಗಿ ಹೊರಗೆ ಹಾಜಿರಾಬಿಗೆ ಉಳಿದದ್ದು ಒದರುವುದೊಂದೇ.

"ಭಾಬಿ ಇಲ್ಲಿ ಉಪ್ಪು ಕಡಾ ಕೇಳಿದ್ರ ಆಚೆ ಊರು ಸದಲಗಾದಾಗ ಪುಡಿಕಿ ಕಟ್ಟತಾರ" ಎಂದು ನಗಾಡುತ್ತಿದ್ದವನು ತವನಪ್ಪ. ಮಗ್ಗ ಕೆಟ್ಟರೆ ರಿಪೇರಿ ಮಾಡುವ ಜಾಬರ. ಮಾಲಕ ಧೋತರ ಎತ್ತಿ ಹಿಡಿದು ನಡೆಯುವುದನ್ನು ಆಡಿ ತೋರಿಸಿ ಇಡೀ ಶೆಡ್ಡನ್ನು ನಗಿಸಿ ಕೆಡವುವವನು.

ಅಂಥವನು ಯುಗಾದಿಯಾದ ಮೇಲೆ ಯಾಕೋ ಒಣಗುತ್ತ ಬಂದ. ಬುತ್ತಿ ಬಿಚ್ಚಿದರೆ ಹಾಗೇ ಕಟ್ಟುತ್ತಿದ್ದ. ಯಾರಾದರೂ ನಕ್ಕರೆ ದೂರದ ಊರಿನವರು ನಕ್ಕಂತೆ ನೋಡುತ್ತಿದ್ದ. ಶನಿವಾರ ಸಂಜೆ, ಮಗ್ಗದ ನಟ್ಟು ಬಿಚ್ಚುವ ತನ್ನ ಪಾನಾಗಳ ಡಬ್ಬಿಯನ್ನು ನೇಕಾರ ಸಂಭಾಜಿಯ ಕೈಗಿಟ್ಟು, "ಇವು ಇನ್ನ ನಿನಗಿರಲಿ" ಅಂದ. ಹೆಂಡತಿ ಕೋಮಲಳಿಗೂ ಮುಟ್ಟಗೊಡದ ಡಬ್ಬಿ ಅದು. ಸಂಭಾಜಿಗೆ ಖುಷಿಯೋ ಖುಷಿ.

ಮರುದಿನ ಪಂಚಾಯ್ತಿ ಹಾಲಿನಲ್ಲಿ ಹಾಜಿರಾಬಿಯ ಮಹಿಳಾ ಸಂಘಕ್ಕೆ ಮನಸ್ಸಿನ ಆರೋಗ್ಯದ ಒಂದು ತರಬೇತಿ. ಚಿಕ್ಕೋಡಿಯಿಂದ ಸ್ನೇಹಲ ಮೇಡಂ ಬಂದಿದ್ದರು. "ಕೈ ಕೊಯ್ಕೊಂಡ್ರ ಅರಿವಿ ಕಟ್ಟತೀರಿ. ಮನಸಿಗೆ ಪೆಟ್ಟಾದ್ರ ಏನ್ ಮಾಡತೀರಿ?" ಎಂದು ಕೇಳಿದರು.

"ತೆಂಗಿನಕಾಯಿಲೆ ದೃಷ್ಟಿ ಇಳಿಸಿ ಒಗಿತೇವ್ರಿ" ಅಂದಳು ಹಿಂದಿನ ಸಾಲಿನವಳೊಬ್ಬಳು.

"ಕಾಯಿ ಆಮ್ಯಾಲ ಒಗೀರಿ. ಮೊದಲ ಅವರ ಬಾಜೂಕ ಕುಂಡ್ರರಿ." ಮೇಡಂ ನಕ್ಕು ಹೇಳತೊಡಗಿದರು. ಬುದ್ಧಿ ಹೇಳಬೇಡಿ, ಕೇಳಿಸಿಕೊಳ್ಳಿ. ಒಬ್ಬರನ್ನೇ ಬಿಡಬೇಡಿ. ಡಾಕ್ಟರ ತನಕ ಜೊತೆಗೆ ಹೋಗಿ. ಇಷ್ಟದ ಸಾಮಾನನ್ನು ಯಾರಾದರೂ ಸುಮ್ಮಸುಮ್ಮನೆ ಹಂಚತೊಡಗಿದರೆ ಹುಷಾರಾಗಿರಿ.

ಹಾಜಿರಾಬಿಗೆ ಪಾನಾಗಳ ಡಬ್ಬಿ ನೆನಪಾಯಿತು. ಎದ್ದು ನಿಂತು ಕೇಳಿದಳು: "ಹಂಗ ಯಾರರೆ ಮಾಡಿದ್ರ ಏನ್ ಅನ್ನೂದ್ರಿ?"

ಮೈಕು ಹಿಡಿದಿದ್ದ ಮೇಡಂ ಮೈಕಿಲ್ಲದವಳ ದನಿಗೆ ಒಂದು ಹೆಜ್ಜೆ ಹಿಂದೆ ಸರಿದರು. "ಮರೆಗೆ ಕರಕೊಂಡು, ಸಣ್ಣ ದನಿಲೆ, ನೇರ ಕೇಳ್ರಿ. 'ಸಾಯಬೇಕಂತ ಅನಸ್ತೈತೇನು?' ಅಂತ. ಕೇಳಿದ್ರ ಆ ವಿಚಾರ ತಲಿಯೊಳಗ ಹೊಕ್ಕತೈತಿ ಅಂತ ಅಂಜಬ್ಯಾಡ್ರಿ, ಹಂಗೇನ ಆಗಾಂಗಿಲ್ಲ. ಕೇಳಿದ್ರ ಅವರ ಭಾರ ಹಗುರ ಆಗತೈತಿ."

ನೇರ ಕೇಳುವುದು ಹಾಜಿರಾಬಿಗೆ ಎಡಗೈ ಕೆಲಸ. ಸಣ್ಣ ದನಿ ಎಲ್ಲಿಂದ ತರುವುದು? ತವನಪ್ಪನನ್ನು ಕೇಳುವ ಮುಂಚೆ ಮನೆಯಲ್ಲಿ ಒಮ್ಮೆ ರೂಢಿ ಮಾಡಿಕೊಳ್ಳೋಣ ಎಂದುಕೊಂಡಳು.

ಸಂಜೆ ಗಂಡ ಉಸ್ಮಾನ ಚಾದಲ್ಲಿ ಖಾರಿ ಬಿಸ್ಕೀಟು ಅದ್ದುತ್ತ ಕಟ್ಟೆಯ ಮೇಲೆ ಕುಳಿತಿದ್ದ. ಮನೆಯೊಳಗೆ ಅವರದು ಉರ್ದು. ಆದರೆ ಪ್ರಶ್ನೆಯನ್ನು ಆಕೆ ಕಲಿತದ್ದು ಕನ್ನಡದಲ್ಲಿ. ಹತ್ತಿರ ಕುಳಿತು, ಭುಜದ ಮೇಲೆ ಕೈಯಿಟ್ಟು, ತನಗೆ ಸಾಧ್ಯವಾದಷ್ಟು ಸಣ್ಣ ದನಿಯಲ್ಲಿ ಕೇಳಿದಳು: "ನಿಮಗ ಸಾಯಬೇಕಂತ ಅನಸ್ತೈತೇನ್ರಿ?"

ಖಾರಿ ಚಾದಲ್ಲಿ ಮುಳುಗಿತು. ಎಮ್ಮೆ ಹಿಂಡುತ್ತಿದ್ದ ಎದುರುಮನೆಯವರು ಚರಿಗೆ ಹಿಡಿದುಕೊಂಡೇ ಓಡಿಬಂದರು. ಹಿಂದಿನ ಓಣಿಯವರು ನಿಂಬೆಹಣ್ಣು ತಂದರು. ಯಾರೋ ಉಸ್ಮಾನನ ಅಂಗಾಲು ತಿಕ್ಕತೊಡಗಿದರು, ಇನ್ನಾರೋ ಆಟೊ ತರಿಸಿದರು.

"ಅರೇ, ಮುಝೇ ಕುಛ್ ನಹೀಂ ಹುವಾ!" ಎಂದು ಉಸ್ಮಾನ ಒದರಿದಷ್ಟೂ, "ಪಾಪ, ಹಂಗ ಅನ್ನತಾರ" ಎಂದು ಮಂದಿ ಇನ್ನೂ ಜೋರಾಗಿ ತಿಕ್ಕಿದರು.

ಸೋಮವಾರ ಶೆಡ್ಡಿನಲ್ಲಿ ಅದೇ ಮಾತು. "ಭಾಬಿ, ಉಸ್ಮಾನಭಾಯಿದು ಹುಗಿಯೂದು ಎಷ್ಟೊತ್ತಿಗಿ?" ಎಂದ ಸಂಭಾಜಿ. ಕರೆಂಟು ಹೋಗಿ ಮಗ್ಗ ನಿಂತಿದ್ದವು. ಎಲ್ಲರೂ ನಕ್ಕರು, ತವನಪ್ಪನೊಬ್ಬನ ಹೊರತು.

ಹಾಜಿರಾಬಿ ಅವನತ್ತ ಎರಡು ಹೆಜ್ಜೆ ಹಾಕಿದ್ದೇ ತಡ, ಅವನು ಕೈ ಅಡ್ಡ ಹಿಡಿದ. "ಭಾಬಿ, ನಿನಗ ಶರಣು. ನನ್ನ ಕಡೆ ಬರಬ್ಯಾಡ. ಊರ ತುಂಬ ಡಂಗುರ ಆಗತೈತಿ."

ಡಂಗುರವಾಗುವಂಥದ್ದೇನೋ ಇದೆ ಅಂತಾಯಿತು. ಆಕೆಗೆ ನಿನ್ನೆಯ ತನ್ನ ಗಂಟಲ ಮೇಲೆಯೇ ಸಿಟ್ಟು ಬಂತು. ಕಬ್ಬಿನ ಹೊಲಕ್ಕೆ ಕರೆಯಲೇ? ಅಲ್ಲಿಂದಲೂ ಕೇಳಿಸುತ್ತದೆ. ದೂಧಗಂಗೆಯ ದಂಡೆಗೆ? ನೀರಿನ ಮೇಲೆ ದನಿ ಆಚೆಯ ಊರನ್ನೂ ಮುಟ್ಟುತ್ತದೆ. ಇಡೀ ಬೋರಗಾಂವದಲ್ಲಿ ತನಗೊಂದು ಮರೆಯ ಜಾಗವಿಲ್ಲವಲ್ಲ ಯಾ ಅಲ್ಲಾ, ಎಂದು ಚಡಪಡಿಸಿದಳು.

ಅಷ್ಟರಲ್ಲಿ ಕರೆಂಟು ಬಂತು. ಒಂದು ಮಗ್ಗ ಬಡಿಯಿತು, ಎರಡಾಯಿತು, ಆಮೇಲೆ ಗೋಡೆಯೂ ನೆಲವೂ ನಡುಗುವಂತೆ ಎಲ್ಲವೂ. ಹಾಜಿರಾಬಿ ನಿಂತಲ್ಲೇ ಹಣೆ ಬಡಿದುಕೊಂಡಳು. ಸಾಕ್ಷಾತ್ ಮರೆಯ ಜಾಗದಲ್ಲೇ ನಿಂತು ಮರೆ ಹುಡುಕುತ್ತಿದ್ದಳಲ್ಲ!

ತವನಪ್ಪ ಮೂಲೆಯ ಮಗ್ಗದ ಕೆಳಗೆ ಕುಕ್ಕುರುಗಾಲಲ್ಲಿ ಕುಳಿತಿದ್ದ. ಎದುರಿಗೆ ಹೋಗಿ ಕುಳಿತಳು. ಅವನು ಗಾಬರಿಯಾಗಿ ನೋಡುತ್ತಿದ್ದಂತೆ ತುಟಿ ಆಡಿಸಿದಳು, ದನಿ ಒಂದಿಷ್ಟೂ ಇಲ್ಲದೆ.

"ಪಾನಾದ ಡಬ್ಬಿ ಯಾಕ ಕೊಟ್ಟಿ?"

"ಹಂಗ." ಅವನ ತುಟಿಯೂ ಅಲುಗಿತು.

"ಸಾಯಬೇಕಂತ ಅನಸ್ತೈತೇನು, ತವನಪ್ಪಾ?"

ಅವನು ಮಗ್ಗದ ಹಲಗೆಯನ್ನು ನೋಡಿದ. ತನ್ನ ಎಣ್ಣೆಗೈ ನೋಡಿಕೊಂಡ. ಆಕೆ ಏಳಲಿಲ್ಲ. ಕೊನೆಗೆ ಅವನ ತುಟಿ, ತುಕ್ಕು ಹಿಡಿದ ನಟ್ಟು ತಿರುಗಿದಂತೆ, ಅಲುಗಿತು. "ಅನಸ್ತೈತಿ, ಭಾಬಿ."

ಆಮೇಲೆ ನಿಲ್ಲಲಿಲ್ಲ. ನಿದ್ದೆಯಿಲ್ಲ. ಅನ್ನ ಮಣ್ಣಿನಂತಾಗಿದೆ. ಬೆಳಗಾಗುವುದೆಂದರೆ ಅಂಜಿಕೆ. ಮಗಳು ಅಪ್ಪಾ ಎಂದು ಕರೆದರೆ ಬೇರೆ ಯಾರನ್ನೋ ಕರೆದಂತೆ ಕೇಳುತ್ತದೆ. ಕಾರಣ ಕೇಳಿದರೆ ಕಾರಣವೇ ಇಲ್ಲ, ಅದರ ನಾಚಿಕೆ ಬೇರೆ. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು. ಬಿಕ್ಕುತ್ತಿದ್ದನೋ ಏನೋ, ಮಗ್ಗದ ಗದ್ದಲದಲ್ಲಿ ಅದೂ ಕೇಳಿಸಲಿಲ್ಲ.

ಹಾಜಿರಾಬಿಯ ಬಾಯಿತನಕ ಎಷ್ಟೋ ಬುದ್ಧಿಮಾತು ಬಂದವು. ಮಕ್ಕಳ ಮಾರಿ ನೋಡು. ಗಂಡಸಾಗಿ ಅಳತಿಯಾ? ಒಂದು ತಾಯತ ಕಟ್ಟಿಸೋಣ. ಒಂದೊಂದನ್ನೂ ಹಿಂದಕ್ಕೆ ನುಂಗಿದಳು. ಅಷ್ಟು ನುಂಗಿದ್ದಕ್ಕೆ ಆಕೆಗೆ ತೇಗೇ ಬಂತು. ಬರೇ ತಲೆಯಾಡಿಸಿದಳು, "ಹೂಂ, ಹೇಳು" ಅಂದಳು.

ಆಗ ಆಕೆಗೆ ನೆನಪಾಯಿತು. ತುಟಿ ಓದುವವರು ಸುತ್ತಲೂ ಇದ್ದಾರೆ! ಹೊರಳಿ ನೋಡಿದಳು. ಸಂಭಾಜಿ ಇತ್ತಲೇ ನೋಡುತ್ತ ನಿಂತಿದ್ದ. ಅವನ ಮುಖದಲ್ಲಿ ನಗೆ ಇರಲಿಲ್ಲ. ಅವನು ಮೆಲ್ಲಗೆ ಬೆನ್ನು ತಿರುಗಿಸಿದ, ಪಕ್ಕದವನ ಭುಜ ಹಿಡಿದು ಅವನನ್ನೂ ತಿರುಗಿಸಿದ. ಹಾಗೇ ಒಬ್ಬೊಬ್ಬರಾಗಿ ಎಲ್ಲ ನೇಕಾರರೂ ಗೋಡೆಯ ಕಡೆ ಮುಖ ಮಾಡಿದರು. ಕಾಂಡಿ ಸುತ್ತುವವಳು ಇಲ್ಲಿ ಕುಳಿತಿದ್ದರಿಂದ ಅವರ ನೂಲು ಮುಗಿಯುತ್ತ ಬಂತು. ಕಾಂಡಿ ಕೊಡು ಎಂದು ಒಬ್ಬನೂ ಒದರಲಿಲ್ಲ. ಗೋಡೆಯಲ್ಲಿ ನೋಡುವಂಥದ್ದೇನೂ ಇರಲಿಲ್ಲ, ಹಳೆಯ ಕ್ಯಾಲೆಂಡರ್ ಒಂದು ಬಿಟ್ಟರೆ. ಅದನ್ನೇ ಎಲ್ಲರೂ ಪಂಚಾಂಗ ಓದುವವರಂತೆ ಓದಿದರು.

"ಯಾರಿಗೂ ಹೇಳಬ್ಯಾಡ" ಎಂದ ತವನಪ್ಪ.

"ಆ ಮಾತು ಒಂದು ಕೊಡಾಂಗಿಲ್ಲ ನಾ. ಕೋಮಲಗ ಹೇಳೂನು. ನಾಳೆ ಮಂಗಳವಾರ, ನಿಪ್ಪಾಣಿಗೆ ಮನಸಿನ ಡಾಕ್ಟರ್ ಬರತಾರ ಅಂತ ಮೇಡಂ ಅಂದಾರ. ಹೋಗೂನು. ಅಲ್ಲೀತನಕ ನಿನ್ನ ಒಬ್ಬನ್ನ ಬಿಡಾಂಗಿಲ್ಲ."

"ಹುಚ್ಚರ ಡಾಕ್ಟರಾ?"

"ಮಗ್ಗ ಕೆಟ್ಟರ ಜಾಬರನ್ನ ಕರೀತಾರೋ ಇಲ್ಲೋ? ಮಗ್ಗಕ್ಕ ಹುಚ್ಚ ಹಿಡದೈತಿ ಅಂತ ಯಾರರೆ ಅಂತಾರೇನು?"

ಇದು ಬುದ್ಧಿಮಾತೋ ಅಲ್ಲವೋ ಎಂದು ಹಾಜಿರಾಬಿಗೇ ಅನುಮಾನವಾಯಿತು. ಬಾಯಿಂದ ಜಾರಿಹೋಗಿತ್ತು. ತವನಪ್ಪ ಮೂಗು ಒರೆಸಿಕೊಂಡ. ಶೆಡ್ಡು ಬಿಟ್ಟ ಮೇಲೆ ಆಕೆಯ ಜೊತೆಗೇ ಮನೆಯ ಕಡೆ ನಡೆದ.

ಕೋಮಲ ರೊಟ್ಟಿ ಬಡಿಯುತ್ತಿದ್ದಳು. ಗಂಡ ಹೊಸ್ತಿಲಲ್ಲಿ ನಿಂತು ತಡವರಿಸಿ ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡಳು. ಹಂಚಿನ ಮೇಲಿನ ರೊಟ್ಟಿ ಕರ್ರಗಾದರೂ ತೆಗೆಯಲಿಲ್ಲ. "ನನ್ನ ಮ್ಯಾಲ ಮನಸಿಲ್ಲಂತ ತಿಳದಿದ್ದೆ" ಅಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಎದ್ದು, ಹೊಲಕ್ಕೆ ಹೊಡೆಯುವ ಔಷಧದ ಡಬ್ಬಿಗಳನ್ನೆಲ್ಲ ಎತ್ತಿ ತವರುಮನೆಗೆ ಸಾಗಿಸಿದಳು.

ಆ ಸಂಜೆ ಉಸ್ಮಾನ ತಾನಾಗಿಯೇ ಬಂದು ತವನಪ್ಪನ ಪಕ್ಕ ಚಾಪೆ ಹಾಸಿದ. "ನಾ ನಿನ್ನೆ ಊರ ಮಂದಿ ಕೈಯಾಗ ಸತ್ತು ಬದುಕಿದಾಂವ. ನಿನಗಿಂತ ಸೀನಿಯರ್. ಸರಿ ಅತ್ತಾಗ" ಎಂದು ಅಡ್ಡಾದ. ತವನಪ್ಪನ ಮೂಗಿನಿಂದ ನಗುವಿನಂಥದ್ದೊಂದು ಗಾಳಿ ಹೊರಬಿತ್ತು. ಅಷ್ಟೇ. ಅಷ್ಟಕ್ಕೇ ಕೋಮಲ ಅಡಿಗೆಮನೆಯಿಂದ ಇಣುಕಿ ನೋಡಿದಳು.

ಬೆಳಿಗ್ಗೆ ನಿಪ್ಪಾಣಿ ಬಸ್ಸಿನಲ್ಲಿ ತವನಪ್ಪ ಕಿಟಕಿಯ ಬದಿಗೆ, ನಡುವೆ ಕೋಮಲ, ಈಚೆಗೆ ಹಾಜಿರಾಬಿ. ಕಂಡಕ್ಟರ್ ಹೆಣ್ಣುಮಕ್ಕಳ ಆಧಾರ್ ಕಾರ್ಡು ನೋಡಿ, ತವನಪ್ಪನತ್ತ ಬಗ್ಗಿದ.

"ನೀವ್ ಎಲ್ಲಿಗ್ರಿ ಕಾಕಾ?"

ಹಾಜಿರಾಬಿ ಬಾಯಿ ತೆರೆದಳು. ಕೋಮಲ ಆಕೆಯ ಕೈ ಒತ್ತಿದಳು. ತವನಪ್ಪ ಕಿಟಕಿಯಿಂದ ಮುಖ ತಿರುಗಿಸಿ, ಗಂಟಲು ಸರಿಮಾಡಿಕೊಂಡು, ಮುಂದಿನ ಸೀಟಿನವರು ಹೊರಳಿ ನೋಡುವಂತೆ ಹೇಳಿದ: "ಮನಸಿನ ಡಾಕ್ಟರ್ ಕಡೆ."

ಕಂಡಕ್ಟರ್ ಟಿಕೀಟು ಹರಿಯುತ್ತ ಅಂದ, "ನಮ್ದು ಸ್ಟ್ಯಾಂಡ್ ತನಕ ಅಷ್ಟ ಹೋಗತೈತ್ರಿ. ಅಲ್ಲಿಂದ ಮುಂದ ನೀವ ನಡೀಬೇಕ ನೋಡ್ರಿ."

"ನಡೀತೇನ್ರಿ" ಎಂದ ತವನಪ್ಪ.